ಹೊಟ್ಟೆನೋವು ತಾಳಲಾರದೆ

ನಮ್ಮ ಜಿಲ್ಲೆಯ ಪತ್ರಿಕಾ ವರದಿಗಳನ್ನು ಓದುತ್ತ ಬೆಳೆದ ಯಾರಿಗೇ ಆದರೂ ಮೂರು ಪದಪುಂಜಗಳು ಬಾಯಿಪಾಠವಾಗಿರುತ್ತವೆ. ‘ಹೊಟ್ಟೆನೋವು ತಾಳಲಾರದೆ’, ‘ಜೀವನದಲ್ಲಿ ಜಿಗುಪ್ಸೆಗೊಂಡು’, ಮತ್ತು ಸತ್ತವರ ವಯಸ್ಸು ಇಪ್ಪತ್ತರ ಆಸುಪಾಸಿನಲ್ಲಿದ್ದರೆ ‘ಪ್ರೇಮವೈಫಲ್ಯದಿಂದ ಮನನೊಂದು’. ಮೂರು ದಶಕಗಳಿಗೂ ಹೆಚ್ಚು ಕಾಲ ಕನ್ನಡ ವ್ಯಾಕರಣ ಕಲಿಸಿದವನು ನಾನು. ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು: ತಾಳಲಾರದೆ, ಗೊಂಡು, ನೊಂದು - ಇವೆಲ್ಲ ಕೃದಂತಾವ್ಯಯಗಳು. ಇವು ತಾವಾಗಿ ವಾಕ್ಯವನ್ನು ಮುಗಿಸಲಾರವು. ಮುಂದಿನ ಕ್ರಿಯಾಪದಕ್ಕಾಗಿ ಕಾಯುತ್ತವೆ. ಆದರೆ ನಾವು ಓದುಗರು ಅಲ್ಲಿಗೇ ವಿಚಾರಣೆ ಮುಗಿಸಿ ಪುಟ ತಿರುವುತ್ತೇವೆ. ಹೊಟ್ಟೆಯಲ್ಲಿ ಏನು ನೋವಿತ್ತು, ಯಾವ ವೈದ್ಯರಿಗೆ ತೋರಿಸಿದ್ದರು, ಜಿಗುಪ್ಸೆ ಎಂದು ಬಂತು, ಯಾರಿಗೆ ತಿಳಿದಿತ್ತು - ಒಂದನ್ನೂ ಕೇಳುವುದಿಲ್ಲ. ಈ ಲೇಖನ ಆ ಕೇಳದಿರುವಿಕೆಯ ವಿರುದ್ಧ. ಕೇಳದೆ ಉಳಿದವರಲ್ಲಿ ನಾನೂ ಒಬ್ಬನಾದ್ದರಿಂದ ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ, ಮನ್ನಿಸಬೇಕು.

ಬರೆಯುವುದಕ್ಕೆ ನೆಪವಾದದ್ದು ಒಂದು ಜಪಾನೀ ಕಾದಂಬರಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ರಜೆಗೆ ಬಂದಾಗ ಹರುಕಿ ಮುರಕಮಿಯವರ ‘ನಾರ್ವೇಜಿಯನ್ ವುಡ್’ ಪುಸ್ತಕದ ಇಂಗ್ಲಿಷ್ ಅನುವಾದವನ್ನು ನನ್ನ ಮೇಜಿನ ಮೇಲಿಟ್ಟು, “ಮಾವ, ಓದಿ ನೋಡಿ, ಆಮೇಲೆ ಮಾತಾಡೋಣ” ಎಂದಳು. ಜಪಾನಿನಲ್ಲಿ ಅದು ಪ್ರಕಟವಾದದ್ದು 1987ರಲ್ಲಿ. ಜೇ ರೂಬಿನ್ ಅವರ ಅನುವಾದ ಬಂದದ್ದು 2000ದಲ್ಲಿ. ಅದನ್ನು ಕೈಚೀಲದಲ್ಲಿಟ್ಟುಕೊಂಡೇ ಮದ್ದೂರಿನ ಬಳಿಯ ನೆಂಟರೊಬ್ಬರ ಮನೆಗೆ ತಿಥಿಗೆಂದು ಹೋಗಿದ್ದೆ. ಊಟದ ಪಂಕ್ತಿಗೆ ಇನ್ನೂ ಹೊತ್ತಿತ್ತು. ಚಪ್ಪರದ ಕೆಳಗೆ ಕುಳಿತು ನಾಲ್ಕು ಪುಟ ತಿರುವುತ್ತಿದ್ದಾಗ ಪಕ್ಕದ ಕುರ್ಚಿಯ ಹಿರಿಯರು ಇಣುಕಿ ನೋಡಿ, “ಏನ್ ಮೇಷ್ಟ್ರೇ, ಏನು ಕತೆ ಇದು?” ಎಂದರು. ಪ್ರೀತಿಸಿದ ಹುಡುಗನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಖಿನ್ನತೆಗೆ ಬೀಳುವ ಕತೆ ಎಂದೆ. ಅವರು ನಕ್ಕರು. “ಅದೆಲ್ಲ ಪರದೇಶದೋರ ಕಾಯಿಲೆ ಕಣ್ರೀ. ಕೆಲಸ ಇಲ್ದೋರ್ಗೆ ಬರೋದು. ಮುದ್ದೆ ತಿಂದು ಗದ್ದೆ ಮಾಡೋ ನಮ್ ಮಂಡ್ಯದೋರ್ಗೆ ಡಿಪ್ರೆಶನ್ನು ಗಿಪ್ರೆಶನ್ನು ಎಲ್ಲ ಇಲ್ಲ” ಎಂದರು. ಸುತ್ತ ಕುಳಿತಿದ್ದವರು ತಲೆದೂಗಿದರು. ಸಾವಿನ ಮನೆಯಲ್ಲಿ ವಾದ ಮಾಡಬಾರದೆಂದು ನಾನು ಸುಮ್ಮನಾದೆ. ಅಲ್ಲಿ ಆಡದೆ ಉಳಿದ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಮೊದಲು, ‘ಪರದೇಶದ ಕಾಯಿಲೆ’ ಎಂಬ ಮಾತನ್ನು ನೋಡೋಣ. ಮುರಕಮಿಯವರ ಕಾದಂಬರಿಗೆ ಸುಮಾರು ಕಾಲು ಶತಮಾನ ಮೊದಲೇ ಮನಸ್ಸಿನ ಕಾಯಿಲೆಯನ್ನು ಕಾದಂಬರಿಯ ನಡುಮನೆಗೆ ತಂದು ಕೂರಿಸಿದ ಲೇಖಕಿಯೊಬ್ಬರು ಕನ್ನಡದಲ್ಲಿದ್ದರು. ಅವರು ಹುಟ್ಟಿದ್ದು ಟೋಕಿಯೋದಲ್ಲಲ್ಲ, ಕ್ಯೋಟೋದಲ್ಲೂ ಅಲ್ಲ. ಇದೇ ಮಂಡ್ಯದಲ್ಲಿ, 1928ರ ಸೆಪ್ಟೆಂಬರ್ 1ರಂದು. ಅನಸೂಯ ಎಂಬ ಆ ಹೆಣ್ಣುಮಗಳನ್ನು ಕನ್ನಡಿಗರು ತ್ರಿವೇಣಿ ಎಂಬ ಹೆಸರಿನಲ್ಲಿ ಬಲ್ಲರು. ಬಿ.ಎಂ.ಶ್ರೀಕಂಠಯ್ಯನವರ ತಮ್ಮನ ಮಗಳು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. 1953ರಲ್ಲಿ ‘ಅಪಸ್ವರ’ದಿಂದ ಆರಂಭಿಸಿ, ಹತ್ತೇ ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದು, 1963ರ ಜುಲೈನಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತೈದು ವರ್ಷ ತುಂಬಿರಲಿಲ್ಲ. ‘ಬೆಕ್ಕಿನ ಕಣ್ಣು’, ‘ಮುಚ್ಚಿದ ಬಾಗಿಲು’, ‘ಶರಪಂಜರ’ - ಇವೆಲ್ಲ ಮನಸ್ಸಿನ ಒಳಗಾಯವನ್ನು ದೆವ್ವದ ಕಾಟವೆಂದೋ ಪೂರ್ವಜನ್ಮದ ಫಲವೆಂದೋ ತಳ್ಳಿಹಾಕದೆ, ಕಾಯಿಲೆಯೆಂದು ಕರೆದು ಕಾರಣ ಹುಡುಕಿದ ಕೃತಿಗಳು. ಅಂದಿನ ವಿಮರ್ಶೆಗೆ ಹೆಂಗಸರ ಕಾದಂಬರಿಗಳನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಬದಿಗೆ ಸರಿಸುವ ಚಾಳಿಯಿತ್ತು. ಮನುಷ್ಯರು ನಿಜವಾಗಿ ಅಳುವುದು ಅಡುಗೆಮನೆಯಲ್ಲೇ ಎಂಬುದು ಆ ವಿಮರ್ಶಕರಿಗೆ ಹೊಳೆದಿರಲಿಲ್ಲವೇನೋ!

ಮಂಡ್ಯದವರಾದ ನಾವು ಮೇಲುಕೋಟೆಯ ಪು.ತಿ.ನ. ಅವರನ್ನೂ ಕಿಕ್ಕೇರಿಯ ಕೆ.ಎಸ್.ನರಸಿಂಹಸ್ವಾಮಿಯವರನ್ನೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಲೇಬೇಕು. ತ್ರಿವೇಣಿಯವರ ಹೆಸರು ಆ ಪಟ್ಟಿಯಲ್ಲಿ ಎಷ್ಟು ಬಾರಿ ಬರುತ್ತದೆ? ಪ್ರೇಮಕವಿಯ ಊರಿನವರೆಂಬ ಅಭಿಮಾನ ನಮಗೆ ಸುಲಭ. ಮನೋರೋಗದ ಕತೆಗಾರ್ತಿಯ ಊರಿನವರೆಂದರೆ ಯಾರಾದರೂ ನಕ್ಕಾರೆಂಬ ಅಳುಕು.

ಈಗ ಎರಡು ಕಾದಂಬರಿಗಳನ್ನು ಎದುರುಬದುರಾಗಿ ಇಡುತ್ತೇನೆ. ಮುರಕಮಿಯವರ ನಿರೂಪಕ ವತನಬೆ. ಮೂವತ್ತೇಳನೆಯ ವಯಸ್ಸಿನಲ್ಲಿ, ಹ್ಯಾಂಬರ್ಗ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿರುವ ವಿಮಾನದೊಳಗೆ ಹಳೆಯ ಬೀಟಲ್ಸ್ ಹಾಡೊಂದರ ವಾದ್ಯಸಂಗೀತ ಕೇಳಿ, ಹದಿನೆಂಟು ವರ್ಷಗಳ ಹಿಂದಿನ ತನ್ನ ಕಾಲೇಜು ದಿನಗಳಿಗೆ ಹೋಗುತ್ತಾನೆ. ಅವನ ಆಪ್ತ ಗೆಳೆಯ ಕಿಜುಕಿ ಹದಿನೇಳನೆಯ ವಯಸ್ಸಿನಲ್ಲಿ, ಒಂದು ಚೀಟಿಯನ್ನೂ ಬರೆದಿಡದೆ, ಪ್ರಾಣ ಕಳೆದುಕೊಂಡಿದ್ದಾನೆ. ಕಿಜುಕಿಯನ್ನು ಎಳವೆಯಿಂದಲೂ ಪ್ರೀತಿಸಿದ್ದವಳು ನವೋಕೋ. ಉಳಿದ ಇಬ್ಬರು ಒಬ್ಬರನ್ನೊಬ್ಬರು ಆತುಕೊಳ್ಳಲು ನೋಡುತ್ತಾರೆ. ಆದರೆ ನವೋಕೋ ಕುಸಿಯುತ್ತಾಳೆ, ಮಾತಿಗೆ ಪದ ಸಿಗದಾಗುತ್ತದೆ, ಕ್ಯೋಟೋ ಬಳಿಯ ಬೆಟ್ಟಗಳ ನಡುವಿನ ಆರೋಗ್ಯಧಾಮವೊಂದಕ್ಕೆ ಸೇರುತ್ತಾಳೆ, ಕೊನೆಗೆ ಉಳಿಯುವುದಿಲ್ಲ. ಇತ್ತ ಟೋಕಿಯೋದಲ್ಲಿ ಮಿದೋರಿ ಎಂಬ ಬಾಯಿಬಡುಕಿ, ಜೀವಂತಿಕೆಯ ಹುಡುಗಿ. ಅವಳ ತಂದೆ ಮೆದುಳಿನ ಗೆಡ್ಡೆಯಿಂದ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾನೆ. ಊಟ ಬಿಟ್ಟಿದ್ದ ಆ ಮುದುಕನ ಹಾಸಿಗೆಯ ಪಕ್ಕದಲ್ಲಿ ಕುಳಿತು ವತನಬೆ ಸೌತೆಕಾಯಿ ಕಚ್ಚಿ ತಿನ್ನುತ್ತಾನೆ. ಆ ಸದ್ದು ಕೇಳಿ ಮುದುಕನಿಗೂ ಆಸೆಯಾಗುತ್ತದೆ, ಅವನೂ ತಿನ್ನುತ್ತಾನೆ. ಇಡೀ ಕಾದಂಬರಿಯಲ್ಲಿ ನನಗೆ ಬಹಳ ಹಿಡಿಸಿದ ದೃಶ್ಯ ಇದು. ‘ಧೈರ್ಯ ತಂದ್ಕೊಳಿ’ ಎಂಬ ನಮ್ಮ ನೂರು ಉಪದೇಶಗಳಿಗಿಂತ, ಪಕ್ಕದಲ್ಲಿ ಕುಳಿತು ತಿಂದ ಒಂದು ಸೌತೆಕಾಯಿಯೇ ಮೇಲು ಎಂದು ಅನ್ನಿಸಿತು.

‘ಶರಪಂಜರ’ದ ಕಾವೇರಿಯದು ಬೇರೆಯದೇ ದಾರಿ. ಸುಖವಾಗಿ ಸಂಸಾರ ಮಾಡಿಕೊಂಡಿದ್ದ ಗೃಹಿಣಿ. ಎರಡನೆಯ ಹೆರಿಗೆಯ ಬಳಿಕ ಮನಸ್ಸು ಕದಡುತ್ತದೆ; ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗುತ್ತದೆ; ಗುಣವಾಗಿ ಮನೆಗೆ ಬರುತ್ತಾಳೆ. ಸಾಮಾನ್ಯ ಕತೆಗಾರರು ಅಲ್ಲಿಗೆ ಶುಭಂ ಹಾಡುತ್ತಿದ್ದರು. ತ್ರಿವೇಣಿಯವರ ಕತೆ ನಿಜವಾಗಿ ಆರಂಭವಾಗುವುದೇ ಅಲ್ಲಿ. ಅವಳು ನಕ್ಕರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ, ಸಿಟ್ಟಾದರೆ ಹೆದರುತ್ತಾರೆ, ಸುಮ್ಮನಿದ್ದರೆ ಅನುಮಾನಿಸುತ್ತಾರೆ. ನೆರೆಹೊರೆಯವರಿಗೆ ಅವಳು ಕುತೂಹಲದ ವಸ್ತು. ಗಂಡನ ಮನಸ್ಸು ಬೇರೆಡೆ ತಿರುಗಿದೆ. ಮೊದಲ ಸಲ ಕಾಯಿಲೆಗೆ ದೇಹ ಕಾರಣವಿದ್ದೀತು. ಎರಡನೆಯ ಸಲ ಅವಳನ್ನು ಆಸ್ಪತ್ರೆಗೆ ಕಳಿಸುವುದು ಮನೆ. ಪುಟ್ಟಣ್ಣ ಕಣಗಾಲರು ಇದನ್ನು 1971ರಲ್ಲಿ ಚಿತ್ರವಾಗಿಸಿದರು. ಕಲ್ಪನಾ ಅವರ ಅಭಿನಯ ಕಂಡು ಕಣ್ಣೊರೆಸಿಕೊಂಡವರು ಈ ಪುಟದ ಓದುಗರಲ್ಲೂ ಇರಬೇಕು. ಅತ್ತು ಹೊರಬಂದ ಪ್ರೇಕ್ಷಕರು ಮರುದಿನ ತಮ್ಮ ಬೀದಿಯ ಕಾವೇರಿಯನ್ನು ಹೇಗೆ ನಡೆಸಿಕೊಂಡರು? ಅದನ್ನು ಮಾತ್ರ ನಾನು ಬಲ್ಲೆ. ‘ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ’ ಎಂಬುದು ಇಂದಿಗೂ ನಮ್ಮಲ್ಲಿ ಬೈಗುಳ. ಹೃದಯದ ಆಸ್ಪತ್ರೆಯ ಹೆಸರು ಬೈಗುಳವಾಗಿಲ್ಲ. ಮನಸ್ಸಿನ ಆಸ್ಪತ್ರೆಯ ಹೆಸರು ಆಗಿದೆ.

ಇಲ್ಲಿ ಮುರಕಮಿಯವರ ಬಗ್ಗೆ ಒಂದು ಆಕ್ಷೇಪವನ್ನೂ ಹೇಳಬೇಕು. ನವೋಕೋ ಮಂಜಿನಲ್ಲಿ ನಿಂತ ಸುಂದರಿಯಂತೆ ಕಾಣುತ್ತಾಳೆ. ಅವಳ ನೋವನ್ನು ನಾವು ನೋಡುವುದು ಪ್ರೀತಿಸಿದ ಗಂಡಸಿನ ಕಣ್ಣಿನಿಂದ. ಎಳೆಯ ಓದುಗರಿಗೆ ಖಿನ್ನತೆಯೆಂಬುದೇ ಒಂದು ಚೆಲುವು ಎಂಬ ಭ್ರಮೆ ಹುಟ್ಟುವ ಅಪಾಯ ಅಲ್ಲಿದೆ. ಖಿನ್ನತೆಗೆ ಚೆಲುವಿಲ್ಲ. ಸ್ನಾನ ಬೇಡವೆನಿಸುವುದು, ತಲೆ ಬಾಚದಿರುವುದು, ಬೆಳಗಿನ ನಾಲ್ಕಕ್ಕೇ ಎಚ್ಚರವಾಗಿ ಸೂರು ನೋಡುತ್ತ ಮಲಗಿರುವುದು, ಅನ್ನ ರುಚಿಸದಿರುವುದು, ‘ನಾನು ಎಲ್ಲರಿಗೂ ಭಾರ’ ಎಂಬ ಒಂದೇ ಮಾತು ಒಳಗೆ ಸುತ್ತುತ್ತಿರುವುದು - ಖಿನ್ನತೆಯೆಂದರೆ ಇಷ್ಟೇ, ಇಷ್ಟೂ. ತ್ರಿವೇಣಿಯವರಿಗೆ ಇದು ಗೊತ್ತಿತ್ತು. ನನ್ನ ತಂಗಿಯ ಮಗಳಿಗೆ ನಾನು ಹಾಗೆಯೇ ಹೇಳಿದೆ. ಬದಲಿಗೆ ‘ಶರಪಂಜರ’ವನ್ನು ಅವಳ ಚೀಲಕ್ಕೆ ಹಾಕಿ ಕಳಿಸಿದೆ.

ಎರಡನೆಯ ವಾದ: ‘ಎಲ್ಲ ಈ ಲವ್ವಿನಿಂದ ಆದದ್ದು.’ ಹದಿಹರೆಯದ ಮಕ್ಕಳು ಸತ್ತರೆ ನಮ್ಮ ಊರುಗಳ ಅಂತಿಮ ತೀರ್ಪು ಇದು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ 2022ರಲ್ಲಿ ದೇಶದಾದ್ಯಂತ ಲೆಕ್ಕಹಾಕಿದ ಆತ್ಮಹತ್ಯೆಗಳು 1,70,924; ಕರ್ನಾಟಕದಲ್ಲಿ 13,606. ಪೊಲೀಸರು ಬರೆದುಕೊಂಡ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆಗಳ ಪಾಲು ಶೇಕಡಾ 31.7, ಕಾಯಿಲೆಯ ಪಾಲು ಶೇಕಡಾ 18.4, ಪ್ರೇಮ ಪ್ರಕರಣಗಳ ಪಾಲು ಶೇಕಡಾ 4.5. ಪೊಲೀಸರ ಕಾರಣಪಟ್ಟಿಯನ್ನು ಪೂರ್ತಿ ನಂಬಬೇಕೆಂದು ನಾನು ಹೇಳುತ್ತಿಲ್ಲ. ಹೊಟ್ಟೆನೋವಿನ ಕತೆ ನನಗೂ ಗೊತ್ತು. ಆದರೆ ನಾವು ಅಷ್ಟು ದೂರುವ ಪ್ರೀತಿಗೆ ಆ ಪಟ್ಟಿಯಲ್ಲಿ ಸಿಕ್ಕ ಜಾಗ ಎಷ್ಟು, ನಾವು ಅಷ್ಟು ಹೊಗಳುವ ಕುಟುಂಬಕ್ಕೆ ಸಿಕ್ಕ ಜಾಗ ಎಷ್ಟು ಎಂಬುದನ್ನಾದರೂ ನೋಡಿ. ಮದುವೆ ಮನೆಗಳಲ್ಲಿ 1942ರ ‘ಮೈಸೂರು ಮಲ್ಲಿಗೆ’ಯ ಹಾಡುಗಳನ್ನು ಮೈಕಿನಲ್ಲಿ ಹಾಕಿ ತಲೆದೂಗುವ ನಾವೇ, ಮನೆಯ ಮಗಳು ತಾನಾಗಿ ಒಬ್ಬನನ್ನು ಮೆಚ್ಚಿದಳೆಂದರೆ ಜಾತಿಯ ತಕ್ಕಡಿ ಹಿಡಿಯುತ್ತೇವೆ. ಜಾತಿ ಮೀರಿದ ಪ್ರೀತಿಗೆ ಹೆತ್ತವರೇ ಮುಳುವಾದ ಪ್ರಕರಣಗಳು ನಮ್ಮ ಜಿಲ್ಲೆಯಲ್ಲೂ ನಡೆದಿವೆ. ಕೂಡಿಹಾಕಿ, ಕಾಲೇಜು ಬಿಡಿಸಿ, ಫೋನು ಕಿತ್ತುಕೊಂಡು, ಮೂರು ವಾರದಲ್ಲಿ ಬೇರೆ ಗಂಡು ನೋಡಿ, ಆ ಬಳಿಕ ಕೇಡಾದರೆ ಅದಕ್ಕಿಡುವ ಹೆಸರು ‘ಪ್ರೇಮವೈಫಲ್ಯ’. ಸೋತದ್ದು ಪ್ರೇಮವಲ್ಲ ಸ್ವಾಮಿ, ಸೋತವರು ನಾವು.

ಈ ವಾದಕ್ಕೆ ಬಾಲವೊಂದಿದೆ: ‘ಇಂಥ ಕಾದಂಬರಿ ಓದಿದರೆ ಮಕ್ಕಳು ಕೆಡುತ್ತಾರೆ.’ ಹಿಂದೆ ತ್ರಿವೇಣಿಯವರ ಪುಸ್ತಕಗಳನ್ನು ಹೆಣ್ಣುಮಕ್ಕಳು ಹಾಸಿಗೆಯಡಿಯಲ್ಲಿಟ್ಟು ಓದಬೇಕಿತ್ತು. ಇಂದು ಮುರಕಮಿಯ ಸರದಿ. ಸಾವನ್ನು ಸೊಗಸಾಗಿಸುವ, ಅದರ ವಿಧಾನವನ್ನು ವಿವರಿಸುವ ಬರವಣಿಗೆ ಎಳೆಯ ಮನಸ್ಸುಗಳಿಗೆ ಕೇಡು ಮಾಡಬಲ್ಲದೆಂಬುದನ್ನು ಒಪ್ಪುತ್ತೇನೆ. ಮೇಲೆ ಹೇಳಿದ ಆಕ್ಷೇಪವೂ ಅದೇ. ಹಾಗೆಂದು ಪುಸ್ತಕ ಕಿತ್ತುಕೊಂಡರೆ ಆಗುವುದೇನು? ಮಗುವಿಗೆ ತನ್ನೊಳಗಿನ ಕತ್ತಲೆಗೆ ಹೆಸರು ಸಿಗದಾಗುತ್ತದೆ. ಹೆಸರಿಲ್ಲದ ನೋವನ್ನು ಯಾರಲ್ಲಿ ಹೇಗೆ ಹೇಳುವುದು? ಆಗಲೇ ಅದು ಹೊಟ್ಟೆನೋವಾಗುವುದು. ಕಿತ್ತುಕೊಳ್ಳುವ ಬದಲು ಜೊತೆಯಲ್ಲಿ ಓದಿ.

ಮೂರನೆಯದು, ಎಲ್ಲಕ್ಕಿಂತ ಹಳೆಯದು: ‘ಹನ್ನೊಂದು ದಿನ ಆಯ್ತಲ್ಲ, ಇನ್ನು ಎದ್ದು ಕೆಲಸ ನೋಡು.’ ನಮ್ಮ ನೊದೆಕೊಪ್ಪಲಿನಲ್ಲಿ ಚಿತ್ರಿತವಾಗಿ, 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದ ‘ತಿಥಿ’ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತ ದಿನದಿಂದ ಹನ್ನೊಂದನೆಯ ದಿನದ ಊಟದವರೆಗಿನ ಕತೆ ಅದು. ತುಂಬು ಬಾಳು ಬಾಳಿದ ಹಿರಿಯನಿಗೆ ಹನ್ನೊಂದು ದಿನ ಸಾಕು. ಆ ವ್ಯವಸ್ಥೆಯಲ್ಲಿ ವಿವೇಕವಿದೆ. ನೆಂಟರು ಬರುತ್ತಾರೆ, ಒಲೆ ಉರಿಯುತ್ತದೆ, ಮನೆಯವರು ಒಂಟಿಯಾಗುವುದಿಲ್ಲ. ಜಪಾನೀ ಕಾದಂಬರಿಯಲ್ಲಿ ಇಂಥ ಆಸರೆ ಇಲ್ಲ. ನವೋಕೋಳ ಅಂತ್ಯಕ್ರಿಯೆ ಬರೀ ಸಂಕಟವಾಗಿ ಮುಗಿದದ್ದರಿಂದ ರೇಕೋ ಎಂಬ ಹಿರಿಯ ಗೆಳತಿ ವತನಬೆಯ ಬಾಡಿಗೆ ಮನೆಗೆ ಬಂದು, ಅಡುಗೆ ಮಾಡಿ ಉಂಡು, ಗಿಟಾರಿನಲ್ಲಿ ಸುಮಾರು ಐವತ್ತು ಹಾಡು ನುಡಿಸಿ, ತಾವಿಬ್ಬರೇ ಅವಳ ತಿಥಿ ಮಾಡಿಕೊಳ್ಳುತ್ತಾರೆ. ತಿಥಿ ಇಲ್ಲದವರು ತಿಥಿಯನ್ನು ಕಂಡುಕೊಂಡ ಬಗೆ ಅದು. ಆ ಮಟ್ಟಿಗೆ ನಾವು ಅದೃಷ್ಟವಂತರು. ನಮ್ಮ ತಪ್ಪಿರುವುದು ಹನ್ನೆರಡನೆಯ ದಿನದಲ್ಲಿ. ಅಂದು ಚಪ್ಪರ ಬಿಚ್ಚಿದ ಮೇಲೆ ಯಾರೂ ಬರುವುದಿಲ್ಲ.

2018ರ ನವೆಂಬರ್ 24 ನಿಮಗೆ ನೆನಪಿರಬೇಕು. ಅಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಮೂವತ್ತು ಜನ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ನಮ್ಮ ಮದ್ದೂರು ತಾಲ್ಲೂಕಿನ ಅಂಬರೀಶ್ ಅವರೂ ಬೆಂಗಳೂರಿನಲ್ಲಿ ನಿಧನರಾದರು. ಮರುದಿನ ಅವರ ಪಾರ್ಥಿವ ಶರೀರ ಮಂಡ್ಯದ ಕ್ರೀಡಾಂಗಣಕ್ಕೆ ಬಂದಾಗ ಊರಿಗೆ ಊರೇ ಅತ್ತಿತು. ಗಂಡಸರು ಬೀದಿಯಲ್ಲಿ ನಿಂತು ಬಿಕ್ಕಿದರು. ಯಾರೂ ಅವರಿಗೆ ‘ಗಂಡಸಾಗಿ ಅಳ್ತೀಯಾ’ ಎನ್ನಲಿಲ್ಲ. ಹಾಗಾದರೆ ಮಂಡ್ಯದ ಗಂಡಸರಿಗೆ ಅಳು ಬರುವುದಿಲ್ಲವೆಂಬುದು ಸುಳ್ಳು. ಸಭೆಯಲ್ಲಿ ಅಳಲು ಅನುಮತಿಯಿದೆ. ಒಬ್ಬನೇ ಅಳಲು ಇಲ್ಲ. ನಾಲೆಯಲ್ಲಿ ಮಕ್ಕಳನ್ನು ಕಳೆದುಕೊಂಡ ಆ ತಂದೆತಾಯಂದಿರಿಗೆ ಪರಿಹಾರದ ಮೊತ್ತ ಘೋಷಣೆಯಾಯಿತು. ಆರು ತಿಂಗಳ ಬಳಿಕ ಅವರು ಹೇಗೆ ನಿದ್ದೆ ಮಾಡುತ್ತಿದ್ದಾರೆಂದು ನಮ್ಮಲ್ಲಿ ಎಷ್ಟು ಜನ ಕೇಳಿದೆವು? ನಾನು ಕೇಳಲಿಲ್ಲ.

ದುಃಖವೆಲ್ಲ ಕಾಯಿಲೆಯಲ್ಲ, ಇದನ್ನು ಒತ್ತಿ ಹೇಳುತ್ತೇನೆ. ದುಃಖ ಅಲೆಯಲೆಯಾಗಿ ಬರುತ್ತದೆ, ನಡುನಡುವೆ ಬಿಡುವು ಕೊಡುತ್ತದೆ. ಸತ್ತವರ ನೆನಪಿನಲ್ಲಿ ನಗುವೂ ಬರುತ್ತದೆ. ಖಿನ್ನತೆ ಬಿಡುವು ಕೊಡುವುದಿಲ್ಲ. ದುಃಖದಲ್ಲಿರುವವನಿಗೆ ಲೋಕ ಬರಿದು. ಖಿನ್ನತೆಯಲ್ಲಿರುವವನಿಗೆ ತಾನೇ ಬರಿದು. ಎರಡು ವಾರ ಬಿಡದೆ ಮನಸ್ಸು ಕುಗ್ಗಿ, ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ, ಹಸಿವು, ಗಮನ ಎಲ್ಲ ಹದಗೆಟ್ಟರೆ ವೈದ್ಯರನ್ನು ಕಾಣಬೇಕೆಂಬುದು ಮನೋವೈದ್ಯರ ಸಾಮಾನ್ಯ ಸೂತ್ರ. ತಿಂಗಳುಗಟ್ಟಲೆ ಕದಲದೆ ಬದುಕನ್ನೇ ಹಿಡಿದು ನಿಲ್ಲಿಸುವ ಶೋಕವನ್ನೂ ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ರೋಗವರ್ಗೀಕರಣದಲ್ಲಿ ಸೇರಿಸಿದೆ. ಔಷಧಿ ಕೆಲಸ ಆರಂಭಿಸಲು ಕೆಲವು ವಾರಗಳೇ ಬೇಕು; ನಾಲ್ಕು ದಿನ ನುಂಗಿ ‘ಏನೂ ಆಗ್ಲಿಲ್ಲ’ ಎಂದು ಬಿಟ್ಟು ತಾಯತ ಕಟ್ಟಿಸುವುದು ತಪ್ಪು. ದೇವರಿಗೆ ಹರಕೆ ಹೊರಬೇಡಿ ಎಂದು ನಾನು ಹೇಳುವುದಿಲ್ಲ. ಹರಕೆ ಹೊತ್ತು, ಆಸ್ಪತ್ರೆಗೂ ಹೋಗಿ.

ಈಗ ನನ್ನ ಪಾಲಿನ ತಪ್ಪು. ಮಳವಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಕೆಲಸದಲ್ಲಿದ್ದಾಗ ಹತ್ತನೆಯ ತರಗತಿಯ ಹುಡುಗನೊಬ್ಬನ ತಂದೆ ತೀರಿಕೊಂಡರು. ಹಿರಿಯ ಮಗ, ತಲೆ ಬೋಳಿಸಿಕೊಂಡು ಹನ್ನೆರಡನೆಯ ದಿನ ಶಾಲೆಗೆ ಬಂದ. ನಾಲ್ಕು ಜನರೆದುರು ನಾನು ಹೇಳಿದ್ದು: “ನೋಡಪ್ಪ, ಮನೆಗೆ ಇನ್ನು ನೀನೇ ಗಂಡಸು. ಹೀಗೆ ಮುಖ ಇಳಿಸಿಕೊಂಡು ಕೂತ್ರೆ ಆಗಲ್ಲ. ಪರೀಕ್ಷೆ ಹತ್ತಿರ ಬಂತು.” ಬುದ್ಧಿ ಹೇಳಿದೆನೆಂದೇ ಅಂದುಕೊಂಡೆ. ಮುಂದಿನ ತಿಂಗಳುಗಳಲ್ಲಿ ಅವನು ಮಾತು ಬಿಟ್ಟ, ಆಟ ಬಿಟ್ಟ, ತರಗತಿಯಲ್ಲಿ ತಲೆಯೊರಗಿಸಿ ಮಲಗತೊಡಗಿದ. ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಒಂದು ಸಲವಲ್ಲ. ಬಿ.ಎಡ್.ನಲ್ಲಿ ಶೈಕ್ಷಣಿಕ ಮನೋವಿಜ್ಞಾನ ಓದಿದವನು ನಾನು. ಹರೆಯವನ್ನು ಬಿರುಗಾಳಿಯ ಕಾಲವೆಂದ ಸ್ಟಾನ್ಲಿ ಹಾಲ್ ಬಗ್ಗೆ ಎರಡು ಪುಟ ಬರೆದು ಒಳ್ಳೆಯ ಅಂಕ ಗಳಿಸಿದವನು. ಬಿರುಗಾಳಿ ಬೆಂಚಿನ ಮೇಲೆ ನಿಂತಿದ್ದಾಗ ಗುರುತು ಹಿಡಿಯಲಿಲ್ಲ. ಜನವರಿಯ ಹೊತ್ತಿಗೆ ಹುಡುಗ ಶಾಲೆ ಬಿಟ್ಟ. ಹಾಜರಿ ಪುಸ್ತಕದಲ್ಲಿ ಕೆಂಪು ಗೀಟು ಎಳೆದೆ.

ಅವನು ಬದುಕಿದ್ದಾನೆ, ಅದು ನನ್ನ ಪುಣ್ಯವಲ್ಲ, ಅವನ ಸೋದರಮಾವನ ಪುಣ್ಯ. ಹೆಚ್ಚು ಓದಿಲ್ಲದ ಆ ಮನುಷ್ಯ ‘ಹುಡುಗ ಸರಿ ಇಲ್ಲ’ ಎಂದು ಕಂಡುಕೊಂಡು, ರಾತ್ರಿ ಅವನ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿ, ತಿಂಗಳಿಗೊಮ್ಮೆ ಬಸ್ಸಿನಲ್ಲಿ ಮೈಸೂರಿಗೆ ಕರೆದೊಯ್ದು ಚಿಕಿತ್ಸೆ ಕೊಡಿಸಿದ. ವರ್ಷಗಳ ಬಳಿಕ ಮದ್ದೂರಿನ ಬಸ್ ನಿಲ್ದಾಣದಲ್ಲಿ ಆ ಹುಡುಗನೇ ನನ್ನನ್ನು ಗುರುತಿಸಿ, ಕಾಲಿಗೆರಗಿ, ಕಾಫಿ ಕುಡಿಸಿದ. ಹಳೆಯದನ್ನು ನಾನೇ ಎತ್ತಿದೆ. ಅವನು ನೊಂದುಕೊಳ್ಳದೆ ಹೇಳಿದ: “ಆ ವರ್ಷ ನಿಮ್ಮ ಬಾಯಿ ಆಡೋದು ಕಾಣ್ತಿತ್ತು ಸಾರ್, ಮಾತು ಕೇಳಿಸ್ತಿರಲಿಲ್ಲ. ಬೆಂಚಿನ ಮೇಲೆ ನಿಂತಿದ್ದು ನಂಗೆ ನೆನಪೇ ಇಲ್ಲ.” ಅವನಿಗೆ ನೆನಪಿಲ್ಲ, ನನಗಿದೆ. ಇದನ್ನು ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು ಬೇಡವೆಂದ. ಮಾವನ ವಿಚಾರ ಮಾತ್ರ ಬಿಡದೆ ಬರೆಯಿರಿ ಎಂದ.

ನನ್ನ ವಾದಕ್ಕೆ ಇರುವ ಅತ್ಯಂತ ಬಲವಾದ ಎದುರುವಾದವನ್ನು ಮರೆಮಾಚಬಾರದು. ರೈತ ಚಳವಳಿಯಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಕೇಳುತ್ತಾನೆ: “ಸಾರ್, 2015ರಲ್ಲಿ ಕಬ್ಬಿಗೆ ಬೆಲೆ ಇಲ್ಲದೆ, ಕಾರ್ಖಾನೆಯಿಂದ ಬಾಕಿ ಬಾರದೆ ನಮ್ಮ ಜಿಲ್ಲೆಯ ಎಷ್ಟು ರೈತರು ಸತ್ತರು! ಅವರಿಗೂ ಮಾತ್ರೆ ಕೊಡಬೇಕಿತ್ತೇ? ಸಾಲವನ್ನು ಕಾಯಿಲೆ ಎಂದು ಕರೆದರೆ ಸರ್ಕಾರಕ್ಕೆ ಖುಷಿಯಲ್ಲವೇ?” ಅವನ ಪ್ರಶ್ನೆ ನ್ಯಾಯವಾದದ್ದು. ಸಾಲಕ್ಕೆ ಮದ್ದು ಬೆಲೆಯೇ ಹೊರತು ಮಾತ್ರೆಯಲ್ಲ. ಬಾಕಿ ಉಳಿಸಿಕೊಂಡವರು ಆಪ್ತಸಮಾಲೋಚಕರನ್ನು ಕಳಿಸಿ ಕೈತೊಳೆದುಕೊಳ್ಳಲು ನಾನೂ ಬಿಡುವುದಿಲ್ಲ. ಆದರೆ ಒಂದೇ ಊರಿನಲ್ಲಿ ಅಷ್ಟೇ ಸಾಲ ಹೊತ್ತ ಹತ್ತು ಮಂದಿಯಲ್ಲಿ ಒಬ್ಬನು ಮೂರು ವಾರದಿಂದ ಗದ್ದೆ ಕಡೆ ಹೋಗಿಲ್ಲ, ಅರಳಿಕಟ್ಟೆಗೆ ಬಂದಿಲ್ಲ, ಮಗುವನ್ನು ಎತ್ತಿಕೊಂಡಿಲ್ಲ ಎಂದರೆ, ಬೆಲೆ ನಿಗದಿಯಾಗುವವರೆಗೂ ಅವನನ್ನು ಬದುಕಿಸಿಕೊಳ್ಳಬೇಕಲ್ಲವೇ? ಕಾಲು ಮುರಿದವನಿಗೆ ರಸ್ತೆಯ ಗುಂಡಿ ಮುಚ್ಚಿಸುವ ಹೋರಾಟವೂ ಬೇಕು, ಕಟ್ಟುವ ಪಟ್ಟಿಯೂ ಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದೇಕೆ?

‘ಜಪಾನಿನವರ ಸ್ವಭಾವವೇ ಹಾಗೆ’ ಎನ್ನುವವರಿಗೂ ಒಂದು ಮಾತು. ಆ ದೇಶದಲ್ಲಿ 2003ರಲ್ಲಿ ವರ್ಷಕ್ಕೆ 34 ಸಾವಿರ ಮೀರಿದ್ದ ಆತ್ಮಹತ್ಯೆಗಳ ಸಂಖ್ಯೆ 2019ರ ಹೊತ್ತಿಗೆ ಸುಮಾರು 20 ಸಾವಿರಕ್ಕೆ ಇಳಿಯಿತು. ನಡುವೆ 2006ರಲ್ಲಿ ಅವರು ಆತ್ಮಹತ್ಯೆ ತಡೆಗೆಂದೇ ಕಾನೂನು ಮಾಡಿ, ಅದನ್ನು ಸಮಾಜದ ಹೊಣೆಯೆಂದು ಒಪ್ಪಿಕೊಂಡಿದ್ದರು. ಸ್ವಭಾವವಾಗಿದ್ದರೆ ಹೀಗೆ ಇಳಿಯುತ್ತಿತ್ತೇ? ನಮ್ಮಲ್ಲೂ ಕಾನೂನು ಬದಲಾಗಿದೆ. ನಮಗೆ ಗೊತ್ತಿಲ್ಲ, ಅಷ್ಟೆ. ಹಿಂದೆ ಬದುಕುಳಿದವನ ಮೇಲೆ ದಂಡ ಸಂಹಿತೆಯ 309ನೇ ಕಲಮಿನ ಕೇಸು ಬೀಳುತ್ತಿತ್ತು. ಆ ಹೆದರಿಕೆಯೂ, ಮನೆತನದ ಮರ್ಯಾದೆಯ ಅಳುಕೂ ಸೇರಿಯೇ ನಮ್ಮ ‘ಹೊಟ್ಟೆನೋವು’ ಹುಟ್ಟಿದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವನನ್ನು ತೀವ್ರ ಒತ್ತಡಕ್ಕೆ ಸಿಲುಕಿದವನೆಂದು ಭಾವಿಸಬೇಕು, ಶಿಕ್ಷಿಸಬಾರದು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ತರಲೆಂದು ಮಾಡುವ ಯತ್ನವಷ್ಟೇ ಅಪರಾಧವಾಗಿ ಉಳಿದಿದೆ. ದೇಹದ ಕಾಯಿಲೆಗೆ ಸಿಗುವಂತೆಯೇ ಮನಸ್ಸಿನ ಕಾಯಿಲೆಗೂ ಆರೋಗ್ಯ ವಿಮೆ ಸಿಗಬೇಕೆಂದೂ 2017ರ ಕಾಯ್ದೆ ಹೇಳುತ್ತದೆ. ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಬೆಂಗಳೂರಿಗೇ ಹೋಗಬೇಕೆಂದಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮನಸ್’ ಸೇವೆಯ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಎಲ್.ಐ.ಸಿ. ಕಂತಿನ ದಿನಾಂಕ ಬರೆದಿಟ್ಟುಕೊಳ್ಳುವ ಗೋಡೆ ಕ್ಯಾಲೆಂಡರಿನ ಮೂಲೆಯಲ್ಲಿ ಇದನ್ನೂ ಬರೆದಿಡಿ.

ನನ್ನ ಶಿಷ್ಯರಲ್ಲಿ ಈಗ ಹಲವರು ಮೇಷ್ಟ್ರಾಗಿದ್ದೀರಿ, ಒಬ್ಬಿಬ್ಬರು ಪತ್ರಿಕೆಗಳಿಗೆ ವರದಿ ಬರೆಯುತ್ತೀರಿ, ಬಹಳ ಮಂದಿ ತಂದೆತಾಯಿಗಳಾಗಿದ್ದೀರಿ. ವರದಿಗಾರರಲ್ಲಿ ನನ್ನ ಬೇಡಿಕೆ: ಗೊತ್ತಿಲ್ಲದ ಕಾರಣವನ್ನು ಬರೆಯಬೇಡಿ, ‘ಪ್ರೇಮವೈಫಲ್ಯ’ ಎಂಬ ಪದವನ್ನು ಕೈಬಿಡಿ. ಮೇಷ್ಟ್ರುಗಳಲ್ಲಿ: ತಲೆಯೊರಗಿಸಿ ಮಲಗಿದ ಹುಡುಗನನ್ನು ಬೆಂಚು ಹತ್ತಿಸುವ ಮೊದಲು ತರಗತಿಯಿಂದ ಹೊರಗೆ ಕರೆದು, “ರಾತ್ರಿ ನಿದ್ದೆ ಬಂತೇನಪ್ಪ?” ಎಂದು ಕೇಳಿ. ನೆಂಟರಿಷ್ಟರಲ್ಲಿ: ತಿಥಿಗೆ ಹೋದಂತೆಯೇ ನಲವತ್ತನೆಯ ದಿನವೂ, ಆರನೆಯ ತಿಂಗಳೂ ಆ ಮನೆಗೆ ಹೋಗಿ. ಹೇಳಲು ಮಾತಿಲ್ಲವೆಂದು ಅಂಜಬೇಡಿ. ಎರಡು ಸೌತೆಕಾಯಿ ಒಯ್ದರೂ ಸಾಕು. ಮರುಮದುವೆಯ ಮಾತು ಬಂದರೆ ಮೂಗು ಮುರಿಯಬೇಡಿ. ಎಳೆ ವಿಧವೆಯ ಬಾಳು ಮತ್ತೆ ಚಿಗುರಬಹುದೆಂದು ‘ಹಣ್ಣೆಲೆ ಚಿಗುರಿದಾಗ’ ಬರೆದವರೂ ನಮ್ಮೂರಿನ ಅದೇ ತ್ರಿವೇಣಿ.

ಚಪ್ಪರದ ಕೆಳಗೆ ನಕ್ಕ ಆ ಹಿರಿಯರು ಕೆಟ್ಟವರಲ್ಲ. ಊಟ ಮುಗಿಸಿ ಕೈತೊಳೆಯುವಾಗ ಅವರು ನನ್ನ ಬಳಿ ಬಂದು, ಯಾರಿಗೂ ಕೇಳದಂತೆ, “ಮೇಷ್ಟ್ರೇ, ನಮ್ ಮನೇಲಿ ಸೊಸೆ ಬಾಣಂತನ ಆದಾಗ್ನಿಂದ ಸುಮ್ನೆ ಗೋಡೆ ನೋಡ್ಕಂಡು ಕೂತಿರ್ತಾಳೆ. ಮಂಕು ಬಡ್ದದೆ ಅಂತಾರೆ. ಅದು ಏನಿರಬಹುದು?” ಎಂದು ಕೇಳಿದರು. ಮಂಡ್ಯದ ಆಸ್ಪತ್ರೆಗೆ ನಾಳೆಯೇ ಕರೆದುಕೊಂಡು ಹೋಗಿ, ನಾನೂ ಜೊತೆಗೆ ಬರುತ್ತೇನೆ ಎಂದೆ. ಹೋದೆವು. ಈಗ ಎರಡು ತಿಂಗಳಾಗಿದೆ; ಆ ಮಗಳು ಮಗುವಿಗೆ ತಾನೇ ನೀರು ಹಾಕುತ್ತಾಳಂತೆ. ಇನ್ನು ಮುಂದಿನದು ಆ ಮನೆಯವರ ಕೈಯಲ್ಲಿದೆ. ಅವಳು ನಕ್ಕಾಗ ಯಾರೂ ಮುಖ ಮುಖ ನೋಡಿಕೊಳ್ಳದಿರಲಿ.